ನಾಯಿ ಚೆನ್ನಾಗಿದೆ

ಮುಹರ್ರಖ್‌ನ ಆ ಕೋಣೆಯಲ್ಲಿ ಮಂಚ ಆರು, ಜನ ಹನ್ನೊಂದು.
ನನ್ನ ಮಂಚದ ಅರ್ಧ ಲಿಗೋರಿಯದು,
ಅಗಲದಲ್ಲಿ ಅರ್ಧವಲ್ಲ, ದಿನದಲ್ಲಿ ಅರ್ಧ.
ರಾತ್ರಿಯೆಲ್ಲ ಖುಬ್ಬೂಸ್ ಸುಟ್ಟು ನಾನು ಬರುವಷ್ಟರಲ್ಲಿ
ಅವನು ಹಡಗುಕಟ್ಟೆಗೆ ಹೊರಟುಹೋಗಿರುತ್ತಿದ್ದ.
ಹಾಸಿಗೆಯಲ್ಲಿ ಅವನ ಗುಂಡಿ, ಇನ್ನೂ ಬೆಚ್ಚಗೆ.
ಕುಳ್ಳನೆಂದು ಗೊತ್ತಾದದ್ದು ಅದರಿಂದಲೇ:
ನನ್ನ ಕಾಲ ಬುಡದ ಹತ್ತಿ ಹೊಸದಾಗೇ ಇತ್ತು.

ಟಿವಿ ಯಾರೋ ಬಿಟ್ಟುಹೋದದ್ದು.
ಚಾನೆಲ್ ತಿರುಗಿಸಲು ಇಕ್ಕಳ.
ಸಂಜೆ ಆರಕ್ಕೆ ಕಡಲಾಚೆಯಿಂದ ಒಂದು ಹಳೇ ಇಂಗ್ಲಿಷ್ ಸೀರಿಯಲ್ಲು,
ಕಪ್ಪು ಬಿಳುಪು.
ಬ್ಯಾಂಕಿನ ಗುಮಾಸ್ತ ಬಾಡಿಗೆಗೆ ಹಿಡಿದ ಮನೆಯಲ್ಲಿ
ಮೊದಲೇ ಬಿಡಾರ ಹೂಡಿದ್ದ ಮೂರು ದೆವ್ವ.
ಅಜ್ಜ ದೆವ್ವ ತಲೆ ಕಳಚಿಟ್ಟು ಕನ್ನಡಕ ಹುಡುಕುತ್ತದೆ.
ಅಜ್ಜಿ ದೆವ್ವ ಗುಮಾಸ್ತನ ಅಂಗಿಗೆ ಗುಂಡಿ ಹಚ್ಚುತ್ತದೆ;
ಪೋಸ್ಟ್‌ಮ್ಯಾನಿಗೆ ಕಾಣುವುದು ಸೂಜಿ ಮಾತ್ರ.
ನಮಗೆ ಇಂಗ್ಲಿಷ್ ಬಾರದು,
ಡಬ್ಬದೊಳಗಿನ ಜನ ನಕ್ಕಾಗ ನಗುತ್ತಿದ್ದೆವು.
‘ಹಿಮ್ಮಡಿ ಹಿಂದೇ ಐತಲ್ಲೋ, ಇವೆಂಥಾ ದೆವ್ವ!’
ಎಂದು ದಾವಣಗೆರೆಯ ಖಾಜಾಸಾಬನ ತಕರಾರು.
ಸೆಕೆ ಏರಿದ ದಿನ ಒಂದೊಂದು ದೆವ್ವವೂ ಎರಡೆರಡಾಗಿ
ಮೇಲೊಬ್ಬ ಇರಾನಿನ ಸುದ್ದಿಯವನ ಗಡ್ಡ ಮೂಡುತ್ತಿತ್ತು.

ಆರೂಕಾಲಿಗೆ ನನ್ನ ವ್ಯಾನು ಹೊರಡುತ್ತಿತ್ತು,
ಅದರ ಹಿಂದೆಯೇ ಅವನ ಬಸ್ಸು ಬರುತ್ತಿತ್ತು.
ಕಂತಿನ ಮೊದಲರ್ಧ ನನಗೆ, ಕೊನೆಯರ್ಧ ಅವನಿಗೆ.
ಬೆಳಿಗ್ಗೆ ದಿಂಬಿನಡಿ ಸಿಗರೇಟು ಪ್ಯಾಕಿನ ಒಳಗಾಗದ, ಪೆನ್ಸಿಲ್ಲಿನ ಅಕ್ಷರ:
‘ಕನ್ನಡಕ ಸಿಕ್ಕಿತು. ನಾಯಿಯ ಮೂಗಿನ ಮೇಲಿತ್ತು.’
‘ಮನೆ ಮಾರಲಿಲ್ಲ. ಕೊಳ್ಳಲು ಬಂದವನೂ ಸತ್ತವನೇ.’
‘ಅಜ್ಜ ಗುಮಾಸ್ತನ ಸಾಲ ತೀರಿಸಿದ.
ಮೀನು ಸಾರು ಉಂಟು, ಬಿಸಿ ಮಾಡಿಕೋ.’

ಖಾಜಾಸಾಬ ಒಮ್ಮೆ ಬಾಗಿಲ ಹೊರಗೆ
ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದ.
ಬಾಡಿಗೆ ವಸೂಲಿಯವನು ಬೆರಳಿಟ್ಟು ಕೇಳಿದ, ಏನಿದು?
ಬುಕ್ರಾ, ಎಂದೆವು. ಬಹಳ ಹೊತ್ತು ನಕ್ಕ.
ನಾವೂ ನಕ್ಕೆವು.
ಪಾಸ್‌ಪೋರ್ಟು ಕೇಳಲು ಹೋದಾಗೆಲ್ಲ
ಕಂಪನಿಯ ಕೌಂಟರಿನವನು
ನಮ್ಮ ಮೂಲಕ ಹಿಂದಿನ ಗೋಡೆಯನ್ನು ನೋಡುತ್ತ
ಹೇಳುತ್ತಿದ್ದದ್ದು ಅದೊಂದೇ ಮಾತು.

ಒಂದು ಬೆಳಿಗ್ಗೆ ಹಾಸಿಗೆ ತಣ್ಣಗಿತ್ತು.
ಕಾಗದ ಇರಲಿಲ್ಲ.
ಊರಿಗೆ ಹೋದನೆಂದರು, ಬೇರೆ ಕ್ಯಾಂಪಿಗೆಂದರು,
ಕೈಗೆ ಏಟಾಯಿತೆಂದೂ ಒಬ್ಬ.
ನಾಲ್ಕನೇ ದಿನ ಸಿಲೋನಿನವನೊಬ್ಬ ಬಂದ, ಉದ್ದನೆಯ ಆಳು.
ಎರಡೇ ವಾರದಲ್ಲಿ ಆ ಗುಂಡಿ ಹೋಯಿತು.

ಬೇಕರಿಯ ಒಲೆ ಕೆಟ್ಟು ರಜೆ ಸಿಕ್ಕ ಒಂದು ಸಂಜೆ
ಅದೇ ಕಂತು ಮತ್ತೆ ಬಂತು, ಕನ್ನಡಕದ್ದು.
ಮೊದಲ ಸಲ ಪೂರ್ತಿ ನೋಡಿದೆ.
ಕನ್ನಡಕ ಸಿಗುವುದಿಲ್ಲ.
ಆ ಮನೆಯಲ್ಲಿ ನಾಯಿಯೇ ಇಲ್ಲ.

ಡಬ್ಬದ ಜನ ನಕ್ಕು ಮುಗಿಸಿದ ಮೇಲೆ
ನಾನೊಬ್ಬನೇ ನಕ್ಕೆ.
ಪೆನ್ಸಿಲ್ಲು ಹುಡುಕಿದೆ.
ಸಿಲೋನಿನವನು ಕನ್ನಡ ಓದಲಾರ;
ಇರಲಿ ಎಂದು ಬರೆದು ದಿಂಬಿನಡಿ ಇಟ್ಟೆ:
ನಾಯಿ ಚೆನ್ನಾಗಿದೆ.