ಬ್ರೇಕ್ ನೋಡಾಕ ಹೋದಾಗ

ಠಾಣೆಯ ಬೊಲೆರೊಗೆ ಹೊಸ ಬ್ರೇಕ್ ಹಾಕಿ
ಸಿಂಧನೂರು ದಾಟಿ ಕುಷ್ಟಗಿ ರಸ್ತೆಗೆ ಬಿಟ್ಟೆ,
ಅಂಗಿಗೆ ಗ್ರೀಸು, ಕಾಲಿಗೆ ಹವಾಯಿ ಚಪ್ಪಲಿ.

ಭತ್ತದ ಲಾರಿ ತಾನಾಗಿ ಎಡಕ್ಕೆ ಸರಿಯಿತು.
ಮೂವರಿದ್ದ ಬೈಕಿನಿಂದ ಒಬ್ಬ ಜಿಗಿದು
ಪರಿಚಯವೇ ಇಲ್ಲದವನಂತೆ ನಡೆಯತೊಡಗಿದ.
ಟ್ಯಾಂಕಿನ ಮೇಲಿದ್ದ ಹೆಲ್ಮೆಟ್ಟು ತಲೆಗೇರಿತು, ಹಿಂದುಮುಂದಾಗಿ.
ನಿನ್ನೆ ಇನ್ನೂರು ರೂಪಾಯಿಗೆ ನನ್ನ ಕೊರಳಪಟ್ಟಿ ಹಿಡಿದ
ಟಂಟಂ ಹುಲಿಗೆಪ್ಪ
ಸಲಾಮು ಹೊಡೆದ, ಬಾನೆಟ್ಟಿಗೆ.

ನಗು ಬಂತು. ಒಂದು ಸಲ ಸೈರನ್ನೂ ಒತ್ತಿದೆ, ಸುಳ್ಳು ಯಾಕೆ.

ಕ್ಯಾನಾಲ್ ಸೇತುವೆ ಬಳಿ ಒಬ್ಬಾಕೆ ಮಾತ್ರ
ಎದುರಿಗೇ ಓಡಿ ಬಂದಳು, ಬರಿಗಾಲಲ್ಲಿ.
ಬ್ರೇಕು ಹಿಡಿಯಿತು, ಗಟ್ಟಿಯಾಗಿ.
"ಸಾಹೇಬ್ರ, ಕಡೀಗೂ ಬಂದ್ರಿ!"
ಕಿಟಕಿ ಹಿಡಿದ ಅವಳ ಬೆರಳು
ನನ್ನ ಮಸಿಗೈ ನೋಡಿಯೂ ಸಡಿಲಾಗಲಿಲ್ಲ.

"ಹತ್ತವ್ವಾ" ಅಂದೆ,
ಮತ್ತೇನನ್ನಲಿ.