ಕಾಯಿದೆಯಂತೆ ಸತ್ತ ಮೇಲೆ

ಸಂಜೆ ನಾಲ್ಕು ನಲವತ್ತಕ್ಕೆ ನಾವಿಬ್ಬರೂ ಸತ್ತೆವು.
ಗಾಬರಿ ಬೇಡ, ನಮ್ಮ ಕಸುಬಿನವರು ಹಾಗೇ ಅನ್ನುವುದು.
ಡ್ಯೂಟಿಗೆ ಸಹಿ ಹಾಕಿ ಹನ್ನೆರಡು ಗಂಟೆ ತುಂಬಿತೋ
ಡ್ರೈವರೂ ಕಂಡಕ್ಟರೂ ಕಾಯಿದೆಯ ಲೆಕ್ಕದಲ್ಲಿ ಹೆಣ.
ಹೆಣ ಥ್ರಾಟಲ್ ಮುಟ್ಟಬಾರದು.
ಹೆಣ ಬ್ರೇಕ್ ಸಡಿಲಿಸಬಾರದು.
ಸ್ಯಾಂಡ್‌ವಿಚ್ ತಿನ್ನಬಹುದು.

ನೂರಾ ಮೂವತ್ತೆರಡು ವ್ಯಾಗನ್ ಕಲ್ಲಿದ್ದಲು
ನೆಬ್ರಾಸ್ಕಾದ ಮರಳುದಿಬ್ಬಗಳ ನಡುವೆ
ಕ್ಲಿಯರಿ ಎಂಬ ಸೈಡಿಂಗಿನಲ್ಲಿ.
ಕ್ಲಿಯರಿ ಅಂದರೆ ಊರಲ್ಲ, ಒಂದು ಹಲಗೆ.
ಸಾಯುವ ಮುಂಚೆ ಜಲ್ಲಿಯ ಮೇಲೆ ನಡೆದು
ಕೈಬ್ರೇಕಿನ ಚಕ್ರ ತಿರುಗಿಸಿ ತಿರುಗಿಸಿ ಬಿಗಿದು ಬಂದಿದ್ದೆ.
ನಾನು ಕಂಡಕ್ಟರ್, ಟಿಕೆಟ್ ಹರಿಯುವ ಪೈಕಿಯಲ್ಲ.

ಟೆಕ್ಸಸಿನಲ್ಲಿ ಕೂತ ಡಿಸ್ಪ್ಯಾಚರ್ ಹೇಳಿದ: ವ್ಯಾನ್ ಹೊರಟಿದೆ.
ಅವನ ಬಾಯಲ್ಲಿ ವ್ಯಾನ್ ಯಾವಾಗಲೂ ಹೊರಟಿರುತ್ತದೆ.

ಇನ್ನು ಬರುವ ಹೊತ್ತಿಗೆ ಹೆಸರು ಲಿಂಬೋ.
ದುಡಿಮೆಯಲ್ಲ, ಬಿಡುವಲ್ಲ,
ತ್ರಿಶಂಕುವಿಗೆ ಕೈಗಡಿಯಾರ ಕಟ್ಟಿದಂತೆ.

ಪೋಸ್ಪಿಶಿಲ್ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ.
ಮೂವತ್ತೊಂದು ವರ್ಷ ಎಂಜಿನ್ ಓಡಿಸಿದವನು.
ನಿಯಮದ ಪುಸ್ತಕ ರಕ್ತದಲ್ಲಿ ಬರೆದದ್ದು ಎಂದು
ಹೊಸಬರಿಗೆಲ್ಲ ಹೇಳುತ್ತಾನೆ.
ನನ್ನ ಪ್ರತಿಯಲ್ಲಿರುವುದು ಬರೀ ಕಾಫಿಯ ಕಲೆ.
ಅವನ ಪ್ರತಿಯಲ್ಲಿ, ಯಾವುದೋ ಪುಟದಲ್ಲಿ,
ಎರಡು ತಾಸು ನಿದ್ದೆಯ ಮೇಲೆ ಹೊರಟು
ಕೆಂಪು ದೀಪ ಕಾಣದೆ ದಾಟಿದ ಅವನ ಅಣ್ಣ ಇದ್ದಾನೆ.

ಆರು ಗಂಟೆಗೆ ಕ್ರಾಸಿಂಗಿನಲ್ಲಿ ಒಂದು ಪಿಕಪ್ ಬಂದು ನಿಂತಿತು.
ಹೆಂಗಸು ಹಾರ್ನ್ ಒತ್ತಿದಳು. ಒತ್ತಿದಳು. ಇಳಿದು ಬಂದಳು.
ಮುಪ್ಪಿನವರ ಆರೈಕೆಮನೆಯ ನೀಲಿ ಸಮವಸ್ತ್ರ,
ಎದೆಯ ಮೇಲೆ ಅರ್ಲೀನ್ ಎಂಬ ಬಿಲ್ಲೆ.
“ಹತ್ತೇ ವ್ಯಾಗನ್ ಹಿಂದೆ ತಗೊಳ್ಳಿ, ಸಾಕು.”
ಆಗುವುದಿಲ್ಲ ಅಂದೆ. ಯಾಕೆಂದು ಹೇಳಿದೆ.
ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ.
“ನಾನು ಹೋಗದಿದ್ದರೆ ಅಲ್ಲಿರುವವಳು ಮನೆಗೆ ಹೋಗುವ ಹಾಗಿಲ್ಲ.
ಅವಳಿಗೆ ಈಗಲೇ ಹದಿನಾರು ಗಂಟೆ.
ನಿಮ್ಮ ಕಾಯಿದೆ ಅವಳಿಗೆ ಹತ್ತುವುದಿಲ್ಲವಾ?”

ಪೋಸ್ಪಿಶಿಲ್ ಬ್ರೇಕಿನ ಹಿಡಿಯನ್ನು ನೋಡಿದ.
ನಾನು ಅವನನ್ನು ನೋಡಿದೆ.
ಅವನು ಎರಡೂ ಕೈ ತೊಡೆಗಳ ಕೆಳಗೆ ಇಟ್ಟುಕೊಂಡು ಕೂತ,
ಶಾಲೆಯಲ್ಲಿ ಹೊಡೆಸಿಕೊಂಡ ಹುಡುಗನ ಹಾಗೆ.
ಅವಳು ಗಾಡಿ ತಿರುಗಿಸಿದಳು. ಸುತ್ತಿ ಹೋದರೆ
ಹತ್ತೊಂಬತ್ತು ಮೈಲಿ, ಅರ್ಧ ಮಣ್ಣುದಾರಿ.
ಧೂಳು ಬಹಳ ಹೊತ್ತು ಕೆಳಗಿಳಿಯಲಿಲ್ಲ.

ವ್ಯಾನ್ ಬಂದಾಗ ಒಂಬತ್ತು ಇಪ್ಪತ್ತು.
ಬದಲಿ ಜೋಡಿ ಆಕಳಿಸುತ್ತ ಹತ್ತಿತು, ನಾವು ಇಳಿದೆವು.
ಪೋಸ್ಪಿಶಿಲ್ ಹಿಂದಿನ ಸೀಟಿನಲ್ಲಿ ಕೂತದ್ದೇ ಗೊರಕೆ.
ನಾನು ಮುಂದೆ.
ವ್ಯಾನಿನ ಡ್ರೈವರ್ ಡ್ವೇನ್, ಅರವತ್ತೆಂಟು ದಾಟಿದವನು,
ಬೆಳಿಗ್ಗೆ ಐದಕ್ಕೆ ಹೊರಟವನು, ಇದು ನಾಲ್ಕನೆಯ ಟ್ರಿಪ್ಪು.
ಗಂಟೆಗೆ ಇಷ್ಟೆಂದು ಕೂಲಿ.
ಅವನ ಗಂಟೆಗಳನ್ನು ಎಣಿಸುವವರು ಅವನೊಬ್ಬನೇ.
ರಸ್ತೆಯ ಬಿಳಿಗೆರೆ ಒಮ್ಮೆ ನಮ್ಮ ಕೆಳಗೆ ಸರಿದು ಬಂತು.
ಮತ್ತೊಮ್ಮೆ.

ಮಾತಾಡಿಸತೊಡಗಿದೆ.
ಎಲ್ಲಿಯವರು, ಎಷ್ಟು ಮಕ್ಕಳು, ಮೀನು ಹಿಡಿಯುತ್ತೀರಾ?
ಮೀನು ಅಂದದ್ದೇ ಎಚ್ಚರವಾದ.
ವಾಲೈ ಮೀನಿಗೆ ಎಂಥ ಎರೆ, ಎಷ್ಟು ಆಳ, ಯಾವ ತಿಂಗಳು.
ನನಗೆ ಮೀನಿನ ವಾಸನೆಯೇ ಆಗುವುದಿಲ್ಲ.
ತೊಂಬತ್ತು ಮೈಲಿ ಕೇಳಿದೆ,
ಅವನು ತಡೆದಲ್ಲಿ ಹೊಸ ಪ್ರಶ್ನೆ ಹಾಕಿದೆ,
ಎಲೆಕ್ಟ್ರಿಕ್ ಕಂಬ ಎಣಿಸಿದೆ,
ಕಿಟಕಿ ಇಳಿಸಿದೆ, ಏರಿಸಿದೆ.

ಹನ್ನೊಂದೂ ಐದಕ್ಕೆ ಯಾರ್ಡು. ಕಂಪ್ಯೂಟರಿನಲ್ಲಿ ಬಿಡುಗಡೆ ಒತ್ತಿದೆ.
ಹನ್ನೆರಡು ಗಂಟೆ ಒಂದು ಕಾಲಮ್ಮು.
ಆರು ಗಂಟೆ ಇಪ್ಪತ್ತೈದು ನಿಮಿಷ ಇನ್ನೊಂದು.
ಮೀನಿಗೆ ಕಾಲಮ್ಮಿರಲಿಲ್ಲ.

ಹೊರಗೆ ಡ್ವೇನ್ ಇನ್ನೊಂದು ಜೋಡಿಯನ್ನು ಕೂರಿಸಿಕೊಳ್ಳುತ್ತಿದ್ದ.
ಮುಂದಿನ ಸೀಟಿಗೆ ಹತ್ತುತ್ತಿದ್ದ ಹುಡುಗಿಯ ಹೆಸರು ಗೊತ್ತಿಲ್ಲ.
ಬಾಗಿಲು ಹಾಕುವ ಮೊದಲು ಕೂಗಿ ಹೇಳಿದೆ:
ಮೀನಿನ ವಿಷಯ ಕೇಳು.