ಒತ್ತದೇ ಇದ್ದದ್ದು

ಗುಂಡಿಗೆ ಬರುತ್ತಿದ್ದದ್ದು ನಾಲ್ಕೇ ಮಾತು:
ಬೆರಳು ಬಂತು, ಒತ್ತಿತು,
ಬಿಟ್ಟಿತು, ಹೋಯಿತು.
ನಾನು ಕಲಿಸಿದ್ದಲ್ಲ. ಮೀನಿನ ಮರಿಗೆ ಈಜು ಬಂದ ಹಾಗೆ
ಹುಟ್ಟುತ್ತಲೇ ಕಲಿತು ಬರುತ್ತವೆ
ಪರದೆಯ ಮೇಲಿನ ಗುಂಡಿಗಳು.

ಫ್ರೀಸ್‌ಲ್ಯಾಂಡಿನ ಕಾಲುವೆಗಳ ಹನ್ನೊಂದು ಸೇತುವೆ
ಈಗ ಒಂದೇ ಕೋಣೆಯಲ್ಲಿವೆ.
ಹೆಡ್ಜರ್ ಮೊದಲು ಸೇತುವೆಯ ಮೇಲೇ ಇದ್ದವನು,
ಗಾಳದ ಕೋಲಿಗೆ ಮರದ ಚಪ್ಪಲಿ ಕಟ್ಟಿ
ದೋಣಿಗಳಿಗೆ ಇಳಿಬಿಟ್ಟು
ಸುಂಕದ ಚಿಲ್ಲರೆ ಮೇಲೆತ್ತುತ್ತಿದ್ದವನು.
ಈಗ ಕಾಲಿಗೆ ಉಣ್ಣೆಯ ಚೀಲ ಹಾಕಿ ಕೂತು
ಗಾಜಿನ ಮೇಲೆ ಬೆರಳಿಟ್ಟು ಸೇತುವೆ ಎತ್ತುತ್ತಾನೆ.

ಮೇ ತಿಂಗಳ ಒಂದು ಮಂಗಳವಾರ
ಏಳನೆಯ ಸೇತುವೆಯ ಮುಂದೆ ಕಾದು ಕಾದು
ಗಾಳಿಗೆ ಜಾರಿ ಕಂಬಕ್ಕೆ ಉಜ್ಜಿತು ಒಂದು ಹಾಯಿದೋಣಿ.
ದೂರು ಬಂತು. ದಾಖಲೆ ತೆಗೆದರು, ನನ್ನದೇ ದಾಖಲೆ:
ಎರಡು ನಿಮಿಷ ನಿರ್ವಾಹಕ ಏನೂ ಮಾಡಲಿಲ್ಲ.

ಹೆಡ್ಜರ್ ನನ್ನ ಮೇಜಿಗೆ ಬಂದ. ಕೂರಲಿಲ್ಲ.
"ಗೇಟು ಇಳಿದಿತ್ತು, ಬೆರಳು ಒತ್ತಿಯೂ ಇತ್ತು.
ಬಿಡುವುದೊಂದು ಬಾಕಿ.
ಅಷ್ಟರಲ್ಲಿ ಗೇಟಿನಡಿ ನುಸುಳಿದಳು ಒಬ್ಬ ಹುಡುಗಿ,
ಬಿದ್ದ ಕೈಚೀಲಕ್ಕೋ ಏನಕ್ಕೋ.
ಬೆರಳನ್ನು ಎತ್ತದೆ ಪಕ್ಕಕ್ಕೆ ಜಾರಿಸಿದೆ.
ಒತ್ತಲಿಲ್ಲ ಅಂತ ಬರೆದಿದೆ ನಿನ್ನ ಪೆಟ್ಟಿಗೆ.
ನಾನು ಒತ್ತದೇ ಇದ್ದೆ, ಫ್ರೌಕ್ಯೆ.
ಎರಡೂ ಒಂದೇ ಏನು?"

ಗುಂಡಿಯ ಲೆಕ್ಕದಲ್ಲಿ ಒಂದೇ.
ಒಳಗೆ ಒತ್ತಿ ಹೊರಗೆ ಬಿಟ್ಟರೆ
ಅದು ಯಾರಿಗೂ ಏನೂ ಹೇಳುವುದಿಲ್ಲ.

ಅಂದು ರಾತ್ರಿ ಹಳೆಯ ಗುಂಡಿಯ ಹೊಟ್ಟೆಯಲ್ಲಿ
ಹೊಸದೊಂದನ್ನು ಹುಟ್ಟಿಸಿದೆ.
ಅದೇ ಬೂದು ಬಣ್ಣ, ಅದೇ ದುಂಡು ಮೂಲೆ, ಅವೇ ನಾಲ್ಕು ಮಾತು,
ಮೇಲೊಂದು ಐದನೆಯದು.
ಹೆಸರಿಗೇ ಒದ್ದಾಟ.
'ರದ್ದು' ಅಂದರೆ ಕಚೇರಿಯ ಮೊಹರು.
'ಹಿಂಜರಿಕೆ' ಅಂತಿಟ್ಟು ತೋರಿಸಿದರೆ
ಹೆಡ್ಜರ್ ಮುಖ ಗಂಟಿಕ್ಕಿದ: ಹಿಂಜರಿದವನಲ್ಲ ನಾನು.
ಕೊನೆಗೆ 'ತಡೆದೆ'.
ಯಾವ ಸೇತುವೆ, ಎಷ್ಟು ಹೊತ್ತು ಬೆರಳು ಗಾಜಿಗಂಟಿತ್ತು,
ಎರಡನ್ನೂ ಅದರ ಬುತ್ತಿಗೆ ಕಟ್ಟಿದೆ.

ಕೂಗುವ ಮುನ್ನ ಓಗೊಡುವವರಿದ್ದಾರೆಯೇ ನೋಡಬೇಕು,
ಮೊದಲ ಸಲ ಮರೆತೆ.
ಶೂನ್ಯವನ್ನು ಕರೆದ ತಪ್ಪಿಗೆ
ಹನ್ನೊಂದೂ ಸೇತುವೆ ಮಾಯವಾಗಿ
ಪರದೆ ಬಿಳಿಚಿಕೊಂಡಿತು.
ಪುಣ್ಯಕ್ಕೆ ಅದು ಪರೀಕ್ಷೆಯ ಯಂತ್ರ.

ಒಂದು ತಿಂಗಳಿಗೆ ನಲವತ್ತಮೂರು 'ತಡೆದೆ'.
ಮೇಲಧಿಕಾರಿ ಪಟ್ಟಿ ತಿರುವಿ ಹಾಕಿದರು:
ಇವುಗಳಲ್ಲಿ ಆದದ್ದಾದರೂ ಏನು?
ಏನೂ ಆಗಿಲ್ಲ ಅಂದೆ.
ಮತ್ತೆ ಇದು ಯಾಕೆ ಅಂದರು.
ನನಗೆ ತಕ್ಷಣ ಹೊಳೆಯಲಿಲ್ಲ ಉತ್ತರ.

ಹೆಡ್ಜರ್ ಮಾತ್ರ ಕನ್ನಡಕ ಹಣೆಗೇರಿಸಿ
ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದ.
ಏಳನೆಯ ಸೇತುವೆ, ಎರಡು ಗಂಟೆ ಹತ್ತು ನಿಮಿಷ.
ಏಳನೆಯದು, ಎರಡು ಹನ್ನೆರಡು.
ಮತ್ತೆ ಏಳು. ಮತ್ತೆ.
"ಬೇಸಿಗೆಯ ಗಡಿಯಾರ ಮರೆತಿದ್ದೀಯ," ಅಂದ,
"ಒಂದು ಗಂಟೆ ಹಿಂದಿದೆ.
ಶಾಲೆ ಬಿಡುವುದು ಮೂರಕ್ಕೆ."